ಹಾರ್ಡ್ ಡಿಸ್ಕ್ ಕಂಪನಿಯೇ ಫ್ಲ್ಯಾಶ್ ಕಂಪನಿಯನ್ನು ಕೊಂಡಿತ್ತಲ್ಲ, ಸ್ಟುಡಿಯೋದ ಹಾರ್ಡ್ ಡಿಸ್ಕ್‌ಗಳನ್ನು ಮಾರಿ ಎಸ್‌ಎಸ್‌ಡಿ ತಗೊಳ್ಳಲೇ?

ಕಪಾಟಿನಲ್ಲಿ ಹದಿನಾರು ಹಾರ್ಡ್ ಡಿಸ್ಕ್, ಎಲ್ಲದರಲ್ಲೂ ಮದುವೆ ಫೋಟೋ, ಮಾರಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಫ್ಲ್ಯಾಶ್ ಚಿಪ್‌ನಲ್ಲಿ ಮಾಹಿತಿ ಇಡುವ ಡ್ರೈವ್) ತಗೊಳ್ಳೋಣ ಅಂದುಕೊಂಡಿದ್ದೀನಿ ಅಂತ ಬರೆದಿದ್ದೀರಿ. ಓದಿ ಎದೆ ಧಸಕ್ ಅಂದಿತು. ದಯವಿಟ್ಟು ಮಾರಬೇಡಿ. ನಾನು ಮಾರಿದ್ದೆ.

ತಿಪಟೂರಿನಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ. ಕ್ಯಾಮೆರಾದೊಳಗಿನ ಕಾರ್ಡಿನ ಮೇಲೆ ಸ್ಯಾನ್‌ಡಿಸ್ಕ್ ಹೆಸರು, ಕಪಾಟಿನ ಡಿಸ್ಕ್‌ಗಳ ಮೇಲೆ ವೆಸ್ಟರ್ನ್ ಡಿಜಿಟಲ್ ಹೆಸರು. ದಿನಾ ಕೈಯಲ್ಲಿ ಹಿಡಿಯುವ ಎರಡು ಹೆಸರು ಅವು. 2015ರ ಅಕ್ಟೋಬರ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನವರು ಸುಮಾರು 1,900 ಕೋಟಿ ಡಾಲರ್‌ಗೆ ಫ್ಲ್ಯಾಶ್ ಮಾಡುವ ಸ್ಯಾನ್‌ಡಿಸ್ಕ್ ಕೊಳ್ಳುತ್ತಾರೆ ಅಂತ ಸುದ್ದಿ ಬಂತು. 2016ರ ಮೇ ತಿಂಗಳಲ್ಲಿ ವ್ಯವಹಾರ ಮುಗಿಯಿತು. ಹಾರ್ಡ್ ಡಿಸ್ಕ್ ಮಾಡುವವರೇ ಇಷ್ಟು ದುಡ್ಡು ಸುರಿದು ಫ್ಲ್ಯಾಶ್ ಕೊಳ್ಳುತ್ತಿದ್ದಾರೆ ಅಂದರೆ ಹಾರ್ಡ್ ಡಿಸ್ಕ್ ಕಾಲ ಮುಗಿಯಿತು ಅಂತಲೇ ಅರ್ಥ ಮಾಡಿಕೊಂಡೆ. ನೀವೂ ಅದನ್ನೇ ಹೇಳುತ್ತಿದ್ದೀರಿ, ಅಲ್ವಾ?

ಆಗ ಪ್ರತಿ ಮದುವೆಯನ್ನೂ ಎರಡು ಡಿಸ್ಕ್‌ಗೆ ಹಾಕಿಡುತ್ತಿದ್ದೆ. 2017ರಲ್ಲಿ ಎರಡನೇ ಪ್ರತಿಯ ಡಿಸ್ಕ್‌ಗಳನ್ನೆಲ್ಲ ಫಾರ್ಮ್ಯಾಟ್ ಮಾಡಿ ಮಾರಿದೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಕಂಪ್ಯೂಟರಿಗೆ ಒಂದು ಟಿಬಿ (ಸಾವಿರ ಜಿಬಿ) ಎಸ್‌ಎಸ್‌ಡಿ ಹಾಕಿಸಿದೆ. ತಿರುಗುವ ತಟ್ಟೆ ಇಲ್ಲ, ಓಡಾಡುವ ಸೂಜಿ ಇಲ್ಲ, ಕೆಡುವುದಕ್ಕೆ ಏನಿದೆ ಅನ್ನೋ ಧೈರ್ಯ. ಇನ್ನು ಮೇಲೆ ಒಂದೇ ಪ್ರತಿ ಸಾಕು ಅಂದುಕೊಂಡೆ. ಅದು ಯಾವ ಕಂಪನಿಯದು ಅಂತ ಹೇಳುವುದಿಲ್ಲ, ಯಾಕಂದ್ರೆ ತಪ್ಪು ಅದರದ್ದಲ್ಲ.

ಒಂದು ಟಿಬಿ ಬೇಗ ತುಂಬುತ್ತದೆ. ವಾರಕ್ಕೊಮ್ಮೆ ಏನಾದರೂ ಅಳಿಸಲೇಬೇಕು. 2018ರ ಮೇ, ಮದುವೆ ಸೀಸನ್. ರಾತ್ರಿ ಹನ್ನೊಂದರ ಮೇಲೆ ಕೂತು ಆಲ್ಬಂ ಕೊಟ್ಟಾಗಿದ್ದ ಒಂದು ನಾಮಕರಣದ ಫೋಲ್ಡರ್ ಅಳಿಸಿದೆ. ಪಕ್ಕದಲ್ಲಿದ್ದ ಮದುವೆಯ ಫೋಲ್ಡರೂ ಸೆಲೆಕ್ಟ್ ಆಗಿತ್ತು. ಶಿಫ್ಟ್ ಒತ್ತಿ ಡಿಲೀಟ್ ಮಾಡುವುದು ನನ್ನ ಅಭ್ಯಾಸ, ಹಾಗಾಗಿ ರೀಸೈಕಲ್ ಬಿನ್‌ಗೂ ಹೋಗಲಿಲ್ಲ.

ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದಿ. ಅಳಿಸಿದ್ದು ಗೊತ್ತಾದಾಗ ನನಗೆ ಗಾಬರಿಯೇ ಆಗಲಿಲ್ಲ. 2013ರಲ್ಲಿ ಇದೇ ಥರ ಹಾರ್ಡ್ ಡಿಸ್ಕ್‌ನಿಂದ ಒಂದು ಗೃಹಪ್ರವೇಶ ಅಳಿಸಿಕೊಂಡಿದ್ದೆ. ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗೆ ಹೋಗಿ ಕೊಟ್ಟಿದ್ದಕ್ಕೆ ಎರಡೇ ದಿನದಲ್ಲಿ ಎಲ್ಲ ಫೋಟೋ ವಾಪಸ್ ಸಿಕ್ಕಿದ್ದವು. ಹಾರ್ಡ್ ಡಿಸ್ಕ್‌ನಲ್ಲಿ ನಾವು ಅಳಿಸಿದಾಗ ಹೋಗುವುದು ವಿಳಾಸ ಮಾತ್ರ. ಫೋಟೋ ತಟ್ಟೆಯ ಮೇಲೆ ಹಾಗೇ ಇರುತ್ತದೆ. ಅದೇ ಜಾಗದಲ್ಲಿ ಬೇರೇನಾದರೂ ಬರೆಯುವ ತನಕ ಹುಡುಕಿ ತೆಗೆಯಬಹುದು.

ಫ್ಲ್ಯಾಶ್ ಹಾಗಲ್ಲ. ಅದರಲ್ಲಿ ಹಳೆಯದರ ಮೇಲೇ ಹೊಸದನ್ನು ಬರೆಯೋಕಾಗಲ್ಲ, ಮೊದಲು ಒರೆಸಬೇಕು. ಅದೂ ಸ್ಲೇಟಿನ ಒಂದು ಸಾಲನ್ನಷ್ಟೇ ಒರೆಸುವ ಹಾಗಿಲ್ಲ, ಇಡೀ ಸ್ಲೇಟನ್ನೇ ಒರೆಸಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಹಾಗಾಗಿ ನಾವು ಅಳಿಸಿದ ತಕ್ಷಣ ವಿಂಡೋಸ್ 'ಈ ಜಾಗ ಇನ್ನು ಬೇಡ' ಅಂತ ಎಸ್‌ಎಸ್‌ಡಿಗೆ ತಿಳಿಸುತ್ತದೆ. ಇದಕ್ಕೆ ಟ್ರಿಮ್ ಅನ್ನುತ್ತಾರೆ. ಎಸ್‌ಎಸ್‌ಡಿ ಬಿಡುವಾದಾಗ ತಾನೇ ಕೂತು ಆ ಜಾಗ ಒರೆಸಿಡುತ್ತದೆ. ನಾವು ಏನೂ ಬರೆಯದಿದ್ದರೂ ಸರಿ, ಕರೆಂಟ್ ಇದ್ದರೆ ಸಾಕು. ನಾನು ಬೆಳಿಗ್ಗೆ ನೋಡೋಣ ಅಂತ ಕಂಪ್ಯೂಟರನ್ನು ಆನ್ ಇಟ್ಟೇ ಮಲಗಿದೆ.

ಬೆಳಿಗ್ಗೆ ರಿಕವರಿ ಸಾಫ್ಟ್‌ವೇರ್ ಹಾಕಿದರೆ ಫೈಲ್‌ಗಳ ಹೆಸರೆಲ್ಲ ಬಂತು. ಎರಡು ಸಾವಿರ ಚಿಲ್ಲರೆ ಹೆಸರು, ಸೈಜ್ ಕೂಡ ಸರಿಯಾಗಿತ್ತು. ಖುಷಿಯಿಂದ ಒಂದನ್ನು ತೆರೆದೆ, ತೆರೆಯಲಿಲ್ಲ. ಇನ್ನೊಂದು, ಮತ್ತೊಂದು, ಯಾವುದೂ ಇಲ್ಲ. ಒಳಗೆ ಬರೀ ಸೊನ್ನೆ. ಮಧ್ಯಾಹ್ನದ ರೈಲಿಗೆ ಎಸ್‌ಪಿ ರೋಡಿಗೆ ಹೋದೆ. ಅಂಗಡಿಯವರು ಹತ್ತು ನಿಮಿಷ ನೋಡಿ, 'ಇದು ಎಸ್‌ಎಸ್‌ಡಿ ಸರ್, ದುಡ್ಡು ಖರ್ಚು ಮಾಡಬೇಡಿ' ಅಂದರು.

ಆ ಮದುವೆಯನ್ನು ಎರಡು ಕಾರ್ಡಿನಲ್ಲಿ ತೆಗೆದಿದ್ದೆ. ಮುಹೂರ್ತದ ಹಿಂದಿನ ದಿನದ ಆರತಕ್ಷತೆಯ ಕಾರ್ಡ್ ಡ್ರಾಯರ್‌ನಲ್ಲಿತ್ತು. ಅದನ್ನು ಫಾರ್ಮ್ಯಾಟ್ ಮಾಡಿದ್ದೆ, ಆದರೆ ಮತ್ತೆ ಜಾಸ್ತಿ ಬಳಸಿರಲಿಲ್ಲ. ಕಾರ್ಡ್ ಕೂಡ ಫ್ಲ್ಯಾಶೇ, ಆದರೆ ಫಾರ್ಮ್ಯಾಟ್ ಮಾಡಿದಾಗ ಅದಕ್ಕೆ ಟ್ರಿಮ್ ಹೋಗದೇ ಇರುವುದೂ ಉಂಟು. ಅದರಿಂದ ಮುನ್ನೂರು ಫೋಟೋ ಸಿಕ್ಕಿತು. ಮುಹೂರ್ತದ ಕಾರ್ಡನ್ನು ಮುಂದಿನ ಭಾನುವಾರವೇ ಬೇರೆ ಮದುವೆಯಲ್ಲಿ ಪೂರ್ತಿ ತುಂಬಿಸಿಬಿಟ್ಟಿದ್ದೆ.

ಹುಡುಗಿಯ ತಂದೆ ಅಂಗಡಿಗೆ ಬಂದರು. ಕೂಗಾಡಲಿಲ್ಲ. 'ಮದ್ವೆ ಮತ್ತೆ ಮಾಡಕ್ಕಾಗುತ್ತೇನಪ್ಪಾ?' ಅಂತ ಒಂದೇ ಮಾತು ಕೇಳಿ ಕೂತರು. ಅಡ್ವಾನ್ಸ್ ವಾಪಸ್ ಕೊಟ್ಟೆ. ಮೂರು ವಾರ ಅವರ ನೆಂಟರಿಷ್ಟರ ಮನೆ ಸುತ್ತಿ ಮೊಬೈಲ್‌ಗಳಿಂದ ಫೋಟೋ ಇಸ್ಕೊಂಡು ಒಂದು ಆಲ್ಬಂ ಮಾಡಿದೆ. ಧಾರೆ ಎರೆಯುವ ಹೊತ್ತಿನದು ಒಂದೇ ಒಂದು ಸಿಕ್ಕಿತು. ಅದೂ ವಾಲಗದವರ ಜೊತೆ ಬಂದಿದ್ದ ಹುಡುಗನ ಮೊಬೈಲಿನಲ್ಲಿ. ಅವನನ್ನು ಹುಡುಕಿಕೊಂಡು ಅರಸೀಕೆರೆಗೆ ಹೋಗಿದ್ದೆ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ನಿಮ್ಮ ಪ್ರಶ್ನೆಯ ಬುಡದಲ್ಲೇ ತಪ್ಪಿದೆ. ಹಾರ್ಡ್ ಡಿಸ್ಕ್ ಸಾಯುತ್ತಿದೆ ಅಂತ ವೆಸ್ಟರ್ನ್ ಡಿಜಿಟಲ್‌ನವರು ಸ್ಯಾನ್‌ಡಿಸ್ಕ್ ಕೊಂಡಿದ್ದಲ್ಲ. ಲ್ಯಾಪ್‌ಟಾಪ್‌ಗಳೆಲ್ಲ ಫ್ಲ್ಯಾಶ್ ಕಡೆ ಹೋಗುತ್ತಿದ್ದವು, ಆ ವ್ಯಾಪಾರ ಅವರಿಗೂ ಬೇಕಿತ್ತು. ಫ್ಲ್ಯಾಶ್ ಚಿಪ್ ಮಾಡುವ ಕಾರ್ಖಾನೆ ದಿಢೀರ್ ಅಂತ ಕಟ್ಟುವಂಥದ್ದಲ್ಲ. ಸ್ಯಾನ್‌ಡಿಸ್ಕ್‌ಗೆ ಜಪಾನಿನ ಯೊಕ್ಕೈಚಿಯಲ್ಲಿ ತೋಷಿಬಾ ಜೊತೆ ಪಾಲುದಾರಿಕೆ ಇತ್ತು. ಕಂಪನಿ ಕೊಂಡರೆ ಅದೂ ಜೊತೆಗೇ ಬಂತು. ಹಾರ್ಡ್ ಡಿಸ್ಕ್, ಫ್ಲ್ಯಾಶ್ ಎರಡರ ವ್ಯಾಪಾರವನ್ನೂ ಮಾಡಬೇಕು ಅನ್ನೋದು ಅವರ ಲೆಕ್ಕ. ಮುಂದೆ 2022ರಲ್ಲಿ ಎಲಿಯಟ್ ಅನ್ನೋ ಹೂಡಿಕೆ ಸಂಸ್ಥೆ ಎರಡನ್ನೂ ಬೇರೆ ಮಾಡಿ ಅಂತ ಒತ್ತಡ ಹಾಕಿತು. 2023ರಲ್ಲಿ ಬೇರೆಯಾಗುವ ಘೋಷಣೆ ಬಂತು, 2025ರ ಫೆಬ್ರವರಿಯಲ್ಲಿ ಬೇರೆಯಾದರು. ಫ್ಲ್ಯಾಶ್ ಸ್ಯಾನ್‌ಡಿಸ್ಕ್‌ಗೆ ಹೋಯಿತು. ವೆಸ್ಟರ್ನ್ ಡಿಜಿಟಲ್ ಇಟ್ಟುಕೊಂಡಿದ್ದು ಯಾವುದನ್ನು? ಹಾರ್ಡ್ ಡಿಸ್ಕನ್ನೇ. ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳು ಇವತ್ತಿಗೂ ರಾಶಿ ಮಾಹಿತಿಯನ್ನು ಅದರಲ್ಲೇ ಇಡುತ್ತವೆ, ಯಾಕಂದ್ರೆ ಪ್ರತಿ ಟಿಬಿಗೆ ಅದೇ ಅಗ್ಗ.

ಕಂಪನಿಗಳು ಕೂಡುವುದು, ಬೇರೆಯಾಗುವುದು ಅವರ ಷೇರುದಾರರ ವಿಷಯ. ಅದನ್ನು ನೋಡಿ ನಿಮ್ಮ ಕಪಾಟು ಖಾಲಿ ಮಾಡಬೇಡಿ. ಎಸ್‌ಎಸ್‌ಡಿ ಖಂಡಿತ ತಗೊಳ್ಳಿ, ಎಡಿಟಿಂಗ್‌ಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಫೋಟೋ ತುಂಬಿಸಿ ಕಪಾಟಿನಲ್ಲಿ ವರ್ಷಗಟ್ಟಲೆ ಇಡೋಕೆ ಅದು ಬೇಡ. ಫ್ಲ್ಯಾಶ್‌ನಲ್ಲಿ ಮಾಹಿತಿ ನಿಲ್ಲುವುದು ವಿದ್ಯುತ್ ಚಾರ್ಜಿನ ರೂಪದಲ್ಲಿ. ಬಳಸಿ ಸವೆದ ಡ್ರೈವ್ ಕರೆಂಟಿಲ್ಲದೆ ಬಿದ್ದಿದ್ದರೆ, ಅದೂ ಬಿಸಿಲಿನ ಕೋಣೆಯಲ್ಲಿ, ಆ ಚಾರ್ಜ್ ಮೆಲ್ಲಗೆ ಸೋರುತ್ತದೆ.

ನಾನು ಈಗ ಪ್ರತಿ ಮದುವೆಯನ್ನೂ ಎರಡು ಹಾರ್ಡ್ ಡಿಸ್ಕ್‌ಗೆ ಹಾಕುತ್ತೇನೆ. ಒಂದು ಅಂಗಡಿಯಲ್ಲಿ, ಇನ್ನೊಂದು ಅಕ್ಕನ ಮನೆಯಲ್ಲಿ. ಆಲ್ಬಂ ಗಿರಾಕಿಯ ಕೈ ಸೇರುವ ತನಕ ಕಾರ್ಡ್ ಮುಟ್ಟುವುದಿಲ್ಲ.

ಯಾವ ಕಂಪನಿಯದು ತಗೊಳ್ಳಲಿ ಅಂತಲೂ ಕೇಳಿದ್ದೀರಿ. ಎರಡು ಪ್ರತಿಗೆ ಎರಡು ಬೇರೆ ಕಂಪನಿಯ ಡಿಸ್ಕ್ ತಗೊಳ್ಳಿ, ಅಷ್ಟೇ. ಅದಕ್ಕೂ ಮುಂಚೆ ಈ ವಾರ ಆ ಹದಿನಾರನ್ನೂ ಒಂದೊಂದಾಗಿ ಕಂಪ್ಯೂಟರಿಗೆ ಹಚ್ಚಿ, ಫೋಟೋ ತೆರೆದು ನೋಡಿ. ಯಾವುದಾದರೂ ಟಿಕ್ ಟಿಕ್ ಅಂತ ಸದ್ದು ಮಾಡಿದರೆ ತಕ್ಷಣ ಆಫ್ ಮಾಡಿ, ಇನ್ನೊಂದು ಸಲ ಹಚ್ಚಬೇಡಿ. ಎಷ್ಟು ವರ್ಷದ ಡಿಸ್ಕ್ ಅಂತ ನನಗೆ ಬರೆಯಿರಿ, ಮುಂದೇನು ಮಾಡಬೇಕು ಅಂತ ಹೇಳ್ತೀನಿ.