ಓದುಗರ ಪ್ರಶ್ನೆ, ಡಾಕ್ಟರ ಉತ್ತರ: ಹೊಟ್ಟೆ ಪ್ರಶ್ನೆಗಳನ್ನ ಕನ್ನಡಕ್ಕೆ ಮಾಡ್ಬಿಟ್ರೆ ಸಾಕಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ, ನಾನು ಹಾಸನದಲ್ಲಿ ಎಂ.ಎಸ್ಸಿ. ನರ್ಸಿಂಗ್ ಓದ್ತಿದೀನಿ. ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಹೊಟ್ಟೆ ನೋವಿನ ಜೊತೆ ಭೇದಿನೋ ಮಲಬದ್ಧತೆನೋ ಬರೋ ಕಾಯಿಲೆ) ಪೇಷಂಟ್ಸ್ ಮೇಲೆ ಪ್ರಾಜೆಕ್ಟು. ಇಂಗ್ಲಿಷಿನ ಎರಡು ಪ್ರಶ್ನಾವಳಿ ಕನ್ನಡಕ್ಕೆ ಮಾಡ್ಕೊಂಡೆ, ಕನ್ನಡ ಮೇಷ್ಟ್ರ ಹತ್ರ ತೋರಿಸ್ದೆ, ಭಾಷೆ ಚೆನ್ನಾಗಿದೆ ಅಂದ್ರು. ಆದ್ರೆ ನಮ್ಮ ಗೈಡು 'ವ್ಯಾಲಿಡೇಶನ್ ಎಲ್ಲಿ, ಜಪಾನಿನವರು ಹೇಗೆ ಮಾಡಿದಾರೆ ನೋಡ್ಕೊಂಡ್ ಬಾ' ಅಂತ ವಾಪಸ್ ಕಳಿಸಿದ್ರು. ಭಾಷೆ ಸರಿ ಇದ್ಮೇಲೆ ಇನ್ನೇನು ಬಾಕಿ?

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸರಿ ಇದೆ ಅಮ್ಮ, ಬೇಜಾರ್ ಮಾಡ್ಕೋಬೇಡಿ. ಐಬಿಎಸ್‌ನಲ್ಲಿ ರಕ್ತ ಪರೀಕ್ಷೆ, ಸ್ಕ್ಯಾನು, ಎಂಡೋಸ್ಕೋಪಿ ಎಲ್ಲಾ ನಾರ್ಮಲ್ ಬರುತ್ತೆ, ಅವನ್ನ ಮಾಡ್ಸೋದು ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ, ಹಾಗಾಗಿ ಕಾಯಿಲೆ ಇದೆ ಅನ್ನೋಕೆ, ಜಾಸ್ತಿ ಆಯ್ತಾ ಕಮ್ಮಿ ಆಯ್ತಾ ಅನ್ನೋಕೆ ಪೇಷಂಟ್ ಬಾಯಿಂದ ಬರೋ ಮಾತೇ ಆಧಾರ. ಅಂದ್ರೆ ಆ ಪ್ರಶ್ನೆ ಪತ್ರಿಕೆನೇ ಇಲ್ಲಿ ಅಳತೆ ಮಾಡೋ ಸಾಧನ. ಕಾಫಿಗೆ ಸೆಟ್ ಮಾಡಿರೋ, ತೇವ ಅಳೆಯೋ ಮಾಯಿಶ್ಚರ್ ಮೀಟರ್‌ಗೆ ಮೆಣಸು ಹಾಕಿದ್ರೂ ಅದು ಒಂದು ನಂಬರ್ ತೋರಿಸೇ ತೋರಿಸುತ್ತೆ, ಆದ್ರೆ ಆ ನಂಬರ್ ನಂಬಿ ವ್ಯಾಪಾರ ಮಾಡೋಕಾಗಲ್ಲ. ನಿಮ್ಮ ಕನ್ನಡ ಫಾರಂ ಈಗ ಆ ಸ್ಥಿತಿಲಿದೆ. ಅದು ಸರಿಯಾಗಿ ಅಳೆಯುತ್ತಾ ಅಂತ ಪರೀಕ್ಷೆ ಮಾಡಿ ನೋಡೋದೇ ವ್ಯಾಲಿಡೇಶನ್.

ಜಪಾನಿನ ವಿಷಯಕ್ಕೆ ಬರ್ತೀನಿ. ಸೆಂಡೈ ಊರಿನ ತೊಹೊಕು ಯೂನಿವರ್ಸಿಟಿಲಿ ಶಿನ್ ಫುಕುಡೊ ಅವರ ತಂಡ, ಅಮೆರಿಕದ ಸಂಶೋಧಕರಾದ ಡ್ರಾಸ್‌ಮನ್ ಮತ್ತು ವೈಟ್‌ಹೆಡ್ ಅವರ ಜೊತೆ ಸೇರಿ, ರೋಮ್ 2 (ಐಬಿಎಸ್ ಥರದ ಕಾಯಿಲೆ ಇದ್ಯಾ ಅಂತ ಗುರುತಿಸೋ ರೋಮ್ ನಿಯಮಗಳ ಎರಡನೇ ಆವೃತ್ತಿ) ಪ್ರಶ್ನಾವಳಿ ಮತ್ತೆ ಐಬಿಎಸ್ ತೀವ್ರತೆ ಅಳೆಯೋ ಪ್ರಶ್ನಾವಳಿ ಎರಡರ ಜಪಾನಿ ರೂಪವನ್ನ ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟ ಮಾಡಿದ್ರು. ಮಾರನೇ ವರ್ಷ 2007ರಲ್ಲಿ ಐಬಿಎಸ್-ಕ್ಯೂಓಎಲ್ ಅನ್ನೋ 34 ಪ್ರಶ್ನೆಗಳ ಜೀವನ ಗುಣಮಟ್ಟದ ಪ್ರಶ್ನಾವಳಿದು ಬಂತು. ಅವರೇನು ಭಾಷೆ ಬರದವರಲ್ಲ, ಆದ್ರೂ ಅಷ್ಟು ಕಷ್ಟ ಪಟ್ಟರು ಯಾಕಂದ್ರೆ ಅನುವಾದ ಸರಿ ಇದ್ಯಾ ಅನ್ನೋದು ಒಂದು ಪ್ರಶ್ನೆ, ಅಲ್ಲಿನ ಪೇಷಂಟ್ ಕೈಗೆ ಕೊಟ್ಟಾಗ ಅದು ಅಳೀಬೇಕಾದ್ದನ್ನೇ ಅಳೆಯುತ್ತಾ ಅನ್ನೋದು ಇನ್ನೊಂದೇ ಪ್ರಶ್ನೆ.

ಕೆಲಸ ಹೀಗೆ ಹೋಗುತ್ತೆ. ಮೊದ್ಲು ಪ್ರಶ್ನಾವಳಿ ಮಾಡಿದವರ ಪರ್ಮಿಷನ್ ತಗೊಳ್ಳಿ, ಇವಕ್ಕೆ ಕಾಪಿರೈಟ್ ಇದೆ. ಇಬ್ಬರು ಬೇರೆ ಬೇರೆಯಾಗಿ ಅನುವಾದ ಮಾಡ್ಬೇಕು, ಎರಡನ್ನೂ ಸೇರಿಸಿ ಒಂದು ಮಾಡ್ಬೇಕು, ಆಮೇಲೆ ಮೂಲ ನೋಡದೇ ಇರೋ ಮೂರನೆಯವರು ಅದನ್ನ ವಾಪಸ್ ಇಂಗ್ಲಿಷಿಗೆ ತರ್ಬೇಕು. ಇಷ್ಟನ್ನ ಎಲ್ಲರೂ ಮಾಡ್ತಾರೆ. ಬಿಟ್ಟುಬಿಡೋದು ಇದರ ಮುಂದಿನದನ್ನ, 5ರಿಂದ 8 ಜನ ಪೇಷಂಟ್ಸ್ ಜೊತೆ ಕೂತು ಒಂದೊಂದು ಪ್ರಶ್ನೆಗೂ 'ಇದು ನಿಮ್ಗೆ ಏನಂತ ಅರ್ಥ ಆಯ್ತು' ಅಂತ ಕೇಳೋದು. ನನ್ನ ಕೇಳಿದ್ರೆ ನಿಮ್ಮ ಪ್ರಾಜೆಕ್ಟಿನ ಜೀವ ಇರೋದೇ ಇಲ್ಲಿ, ಇದಕ್ಕೆ ಟೈಮ್ ಕೊಡಿ.

ತೀವ್ರತೆ ಪ್ರಶ್ನಾವಳಿನೇ ತಗೊಳ್ಳಿ. ಐದೇ ಪ್ರಶ್ನೆ, ಒಂದೊಂದಕ್ಕೆ 100, ಒಟ್ಟು 500. ನೋವು ಎಷ್ಟು ಅಂತ ಒಂದು ಗೆರೆ ಮೇಲೆ ಗುರುತು ಹಾಕ್ಬೇಕು. ಅರಕಲಗೂಡಿನ ಕಡೆಯಿಂದ ಬಂದಿರೋ ಅಜ್ಜಿ ಜೀವಮಾನದಲ್ಲಿ ನೋವನ್ನ ಗೆರೆ ಮೇಲೆ ತೋರಿಸಿಲ್ಲ, ಅವರು ನಡುಮಧ್ಯಕ್ಕೆ ಒಂದು ಗೀಟು ಹಾಕಿ ಫಾರಂ ವಾಪಸ್ ಕೊಟ್ರೆ ಅದು 50 ಅಂತಾನಾ, ಏನ್ ಮಾಡ್ಬೇಕೋ ತಿಳೀಲಿಲ್ಲ ಅಂತಾನಾ? ಇನ್ನೊಂದು, 10 ದಿನದಲ್ಲಿ ಎಷ್ಟು ದಿನ ನೋವಿತ್ತು ಅಂತ ಕೇಳುತ್ತೆ. ನಮ್ಮಲ್ಲಿ ಎಷ್ಟೋ ಜನ ಲೆಕ್ಕ ಇಡೋದು ಸಂತೆಯಿಂದ ಸಂತೆಗೆ, ಆ ವಾರದ ಲೆಕ್ಕವನ್ನ ಅವರು 10 ದಿನಕ್ಕೆ ಹೇಗೆ ಹೊಂದಿಸ್ತಾರೆ ಕೇಳಿ ನೋಡಿ. ಮಲವಿಸರ್ಜನೆ ಬಗ್ಗೆ ಎಷ್ಟು ತೃಪ್ತಿ ಇದೆ ಅನ್ನೋ ಪ್ರಶ್ನೆಲಿ ಜಾಸ್ತಿ ನಂಬರ್ ಅಂದ್ರೆ ಜಾಸ್ತಿ ಅತೃಪ್ತಿ, ಇದನ್ನ ಉಲ್ಟಾ ತಿಳ್ಕೊಂಡ್ರೆ ಆರಾಮಾಗಿರೋರ ಸ್ಕೋರೂ ಏರಿಬಿಡುತ್ತೆ. ಹೊಟ್ಟೆ ಉಬ್ಬರ ಅಂತ ನೀವು ಬರೆದಿರೋದನ್ನ ಅವರು ಗ್ಯಾಸ್ ಅಂತಾರಾ, ಹೊಟ್ಟೆ ಬಿಗಿಯೋದು ಅಂತಾರಾ, ಅದನ್ನೂ ಅವರ ಬಾಯಿಂದಾನೇ ಕೇಳಿ.

34 ಪ್ರಶ್ನೆದ್ರಲ್ಲಿ ಗಂಡ ಹೆಂಡತಿ ಸಂಬಂಧದ ಪ್ರಶ್ನೆನೂ ಬರುತ್ತೆ. ಒಪಿಡಿಲಿ ಅತ್ತೆ ಪಕ್ಕದಲ್ಲೇ ಕೂತಿರುವಾಗ ಸೊಸೆ ಅದಕ್ಕೆ ಉತ್ತರ ಕೊಡಲ್ಲ, ಕೊಡಬೇಕು ಅಂತ ನಾವು ಬಯಸೋದೂ ತಪ್ಪು. ಬೇರೆ ರೂಮಿನಲ್ಲಿ ಒಬ್ಬರನ್ನೇ ಕೂರ್ಸಿ, ಓದೋಕೆ ಬರೋರಿಗೆ ಅವರ ಕೈಗೇ ಕೊಟ್ಟುಬಿಡಿ, ಓದಿ ಹೇಳ್ಬೇಕಾದ್ರೆ ಹೆಂಗಸರ ಹತ್ರ ಹೆಂಗಸರೇ ಕೇಳಿ. ಖಾಲಿ ಬಿಟ್ಟ ಉತ್ತರ ಎಷ್ಟು, ಯಾವ ಪ್ರಶ್ನೆಗೆ ಅಂತ ಬರೆದಿಡಿ, ಅದೂ ವ್ಯಾಲಿಡೇಶನ್ನೇ.

ಆಮೇಲೆ ನಂಬರಿನ ಭಾಗ. ಒಂದೇ ವಿಷಯ ಕೇಳೋ ಪ್ರಶ್ನೆಗಳ ಉತ್ತರ ಒಂದಕ್ಕೊಂದು ಹೊಂದುತ್ತಾ ಅಂತ ಕ್ರೋನ್‌ಬ್ಯಾಕ್ ಆಲ್ಫಾ ಅನ್ನೋ ಲೆಕ್ಕ ಹೇಳುತ್ತೆ, 0.7 ದಾಟಿದ್ರೆ ಒಪ್ಕೋತಾರೆ, 0.95ಕ್ಕಿಂತ ಮೇಲೆ ಹೋದ್ರೆ ಕೇಳಿದ್ದನ್ನೇ ತಿರುಗಾ ಕೇಳ್ತಿದೀರೇನೋ ಅಂತ ನೋಡ್ಕೋಬೇಕು. ಒಂದೆರಡು ವಾರ ಬಿಟ್ಟು ಅದೇ ಪೇಷಂಟಿಗೆ ತಿರುಗಾ ಕೊಡ್ಬೇಕು, ಕಾಯಿಲೆ ಹಾಗೇ ಇದ್ರೆ ಸ್ಕೋರೂ ಹತ್ತಿರ ಹತ್ತಿರ ಬರ್ಬೇಕು. ಸಕಲೇಶಪುರ ಕಡೆ ತೋಟದ ಕೆಲಸದವರನ್ನ ಸೇರಿಸ್ಕೊಂಡ್ರೆ ಕಾಫಿ ಕೊಯ್ಲು ಶುರುವಾಗೋ ಮುಂಚೆ ಒಂದು ಸಲ, ಶುರುವಾದ್ಮೇಲೆ ಒಂದು ಸಲ ಅಂತ ಮಾಡ್ಬೇಡಿ, ಊಟದ ಹೊತ್ತು, ನಿದ್ದೆ, ಮೈಕೆಲಸ ಎಲ್ಲಾ ಬದಲಾಗಿರುತ್ತೆ, ಸ್ಕೋರ್ ಬದಲಾದ್ರೆ ಫಾರಂ ತಪ್ಪೋ ಹೊಟ್ಟೆನೇ ಬದಲಾಯ್ತೋ ಗೊತ್ತಾಗಲ್ಲ. ಕೊನೆಗೆ ಐಬಿಎಸ್ ಇರೋರನ್ನೂ ಇಲ್ಲದೋರನ್ನೂ ಇದು ಬೇರೆ ಮಾಡುತ್ತಾ ಅಂತ ನೋಡ್ಬೇಕು, ಅದಕ್ಕೆ ಹೊಟ್ಟೆ ತೊಂದರೆ ಇಲ್ಲದೋರೂ ಬೇಕು. ಬರೀ ಪೇಷಂಟ್ಸ್ ಹತ್ರ ಭರ್ತಿ ಮಾಡಿಸಿ ವ್ಯಾಲಿಡೇಟ್ ಆಯ್ತು ಅಂತ ಬರೆದ್ರೆ ನಾನಂತೂ ಒಪ್ಪಲ್ಲ.

ರೋಮ್ ನಿಯಮದ ಯಾವ ಆವೃತ್ತಿ ಅನ್ನೋದನ್ನೂ ನೋಡ್ಕೊಳ್ಳಿ. ರೋಮ್ 4 ಬಂದಿದ್ದು 2016ರಲ್ಲಿ. ಹಳೇ ರೋಮ್ 3ರಲ್ಲಿ ನೋವು ಅಥವಾ ಅಸ್ವಸ್ಥತೆ ತಿಂಗಳಿಗೆ 3 ದಿನ ಇದ್ರೆ ಸಾಕಿತ್ತು, ರೋಮ್ 4ರಲ್ಲಿ ನೋವೇ ಇರ್ಬೇಕು, ವಾರಕ್ಕೆ ಸರಾಸರಿ 1 ದಿನ. ಅಸ್ವಸ್ಥತೆ ಅನ್ನೋದನ್ನ ತೆಗೆದಿದ್ದು ಅದು ಒಂದೊಂದು ಭಾಷೆಲಿ ಒಂದೊಂದು ಥರ ಅರ್ಥ ಆಗ್ತಿತ್ತು ಅಂತ. 33 ದೇಶದ 73,076 ಜನರ ಮೇಲೆ ಮಾಡಿ 2021ರಲ್ಲಿ ಬಂದ ದೊಡ್ಡ ಸರ್ವೇಲಿ, ಇಂಟರ್‌ನೆಟ್ಟಲ್ಲಿ ಉತ್ತರ ಕೊಟ್ಟೋರಲ್ಲಿ ರೋಮ್ 4 ಪ್ರಕಾರ ಐಬಿಎಸ್ 4.1%, ಮನೆಗೆ ಹೋಗಿ ಎದುರು ಕೂತು ಕೇಳಿದ ಕಡೆ 1.5%. ದೇಶಗಳು ಬೇರೆ ಬೇರೆ ಅನ್ನೋದು ನಿಜ, ಆದ್ರೂ ಎದುರಿಗೆ ಮನುಷ್ಯ ಇದ್ರೆ ಜನ ಹೊಟ್ಟೆ ವಿಷಯ ಬಿಚ್ಚಿ ಹೇಳ್ತಾರಾ ಅನ್ನೋ ಅನುಮಾನ ನಿಮ್ಮ ತಲೇಲಿ ಇರ್ಲಿ.

ಪ್ರಶ್ನೆ: ನಾನು ಮೂಡಿಗೆರೆ ಹತ್ರ ಎಸ್ಟೇಟಲ್ಲಿ ರೈಟರ್. ಎಷ್ಟೋ ವರ್ಷದಿಂದ ಹೊಟ್ಟೆ ತೊಳಸೋದು, ತಿಂದ ತಕ್ಷಣ ಹೊರಕಡೆ ಓಡೋದು. ಡಾಕ್ಟ್ರು ಐಬಿಎಸ್ ಅಂದ್ರು, ಇಂಗ್ಲಿಷ್ ಫಾರಂ ನೋಡ್ಕೊಂಡು ಕನ್ನಡದಲ್ಲಿ ಕೇಳಿ 190 ಅಂತ ಬರೆದ್ರು. ಜಪಾನಲ್ಲಿರೋ ನಮ್ಮ ಅಣ್ಣನ ಮಗನಿಗೂ ಇದೇ ಕಾಯಿಲೆ, ಅವನಿಗೆ ಅಲ್ಲಿ 280 ಅಂತೆ. ಅವನದ್ದು ಜಾಸ್ತಿ ಸೀರಿಯಸ್ಸಾ?

ಉತ್ತರ: ಇದು ಮೇಲೆ ಹೇಳಿದ 500ರ ತೀವ್ರತೆ ಪ್ರಶ್ನಾವಳಿ ಸ್ಕೋರು. 75ರಿಂದ 175 ಕಮ್ಮಿ, 300ರ ತನಕ ಮಧ್ಯಮ, ಅದರ ಮೇಲೆ ತೀವ್ರ ಅಂತ ಲೆಕ್ಕ, ಹಾಗಾಗಿ ನೀವಿಬ್ರೂ ಮಧ್ಯಮದಲ್ಲೇ ಇದೀರಿ. ಆದ್ರೆ ಅವನದ್ದನ್ನೂ ನಿಮ್ಮದನ್ನೂ ಪಕ್ಕಪಕ್ಕ ಇಟ್ಟು ನೋಡೋದು ಬೇಡ. ಅವನು ಪರೀಕ್ಷೆ ಆಗಿರೋ ಜಪಾನಿ ಫಾರಂ ತುಂಬಿರಬಹುದು, ನಿಮಗೆ ಬಾಯಲ್ಲಿ ಅನುವಾದ ಮಾಡಿ ಕೇಳಿದಾರೆ, ನಾಳೆ ಇನ್ನೊಬ್ಬ ಸಿಸ್ಟರ್ ಬೇರೆ ಮಾತಲ್ಲಿ ಕೇಳಿದ್ರೆ 190 ಇನ್ನೇನೋ ಆಗಬಹುದು. ನಿಮ್ಮದೇ ಹಳೇ ಸ್ಕೋರ್ ಜೊತೆ ಹೋಲಿಸಿ, ಅದೇ ಮಾತಲ್ಲಿ ಕೇಳಿಸ್ಕೊಳ್ಳಿ, 50 ಇಳಿದ್ರೆ ನಿಜವಾಗ್ಲೂ ಸುಧಾರಿಸಿದೆ ಅಂತ ತಗೋತಾರೆ. ಸ್ಕೋರ್ ಎಷ್ಟೇ ಇರ್ಲಿ, ಮಲದಲ್ಲಿ ರಕ್ತ, ತೂಕ ಇಳಿಯೋದು, ಜ್ವರ, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸೋ ಭೇದಿ, ಮನೇಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್, ಇದ್ರಲ್ಲಿ ಒಂದಿದ್ರೂ ಡಾಕ್ಟ್ರಿಗೆ ತಕ್ಷಣ ಹೇಳಿ, ಈ ಫಾರಂ ಅದನ್ನ ಹಿಡಿಯಲ್ಲ.

ಪ್ರಶ್ನೆ: ಮಲದ ಚಿತ್ರ ಇರೋ ಚಾರ್ಟ್ ತೋರಿಸಿ ನಿಮ್ಮದು ಯಾವುದು ಅಂತ ಕೇಳಿದ್ರು, ನಾಚಿಕೆ ಆಯ್ತು. ಅದ್ರಿಂದ ಏನು ಉಪಯೋಗ? ಚಿಕ್ಕಮಗಳೂರಿನ ಓದುಗರು

ಉತ್ತರ: ನಾಚಿಕೆ ಬೇಡ್ರಿ ಮೇಡಂ, ಇದು ಬ್ರಿಸ್ಟಲ್ ಚಾರ್ಟು, 7 ಥರ ಇರುತ್ತೆ. 1 ಮತ್ತೆ 2 ಬಂದ್ರೆ ಮಲಬದ್ಧತೆ ಕಡೆ, 6 ಮತ್ತೆ 7 ಬಂದ್ರೆ ಭೇದಿ ಕಡೆ, ಯಾವ ಮಾತ್ರೆ ಅನ್ನೋದು ಇದರ ಮೇಲೇ ನಿಂತಿರುತ್ತೆ. ಚಿತ್ರದ ಕೆಳಗೆ ಸಾಸೇಜ್ ಥರ ಅಂತೆಲ್ಲಾ ಬರೆದಿದ್ರೆ ಅದನ್ನ ಬಿಡಿ, ಚಿತ್ರ ಮಾತ್ರ ನೋಡಿ. ಎರಡು ವಾರ ಪ್ರತಿ ಸಲ ನಂಬರ್ ಬರೆದಿಟ್ಕೊಂಡು ಹೋಗಿ, ಭೇದಿಗೋ ಮಲಬದ್ಧತೆಗೋ ಮಾತ್ರೆ ತಗೊಂಡ ದಿನ ಇದ್ರೆ ಅದರ ಮುಂದೆ ಒಂದು ಗುರುತು ಹಾಕಿರಿ, ಆ ದಿನದ ನಂಬರ್ ಲೆಕ್ಕಕ್ಕೆ ತಗೊಳ್ಳಲ್ಲ.