ಗಡಿಗೆಯಲ್ಲಿ ಹಾಲೆಷ್ಟಿತ್ತು?

ನಮಸ್ಕಾರ.

ನಿಮ್ಮ 'ಕಡಲ ತೀರದ ಕರುಣಾಮಯಿ' ಲೇಖನ ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ತಮಿಳುನಾಡಿನ ಕಡಲ ದಂಡೆಯ ಊರು ವೇಲಾಂಕಣ್ಣಿಯ ಮೇರಿ ಮಾತೆಯ ಕುರಿತ 1971ರ ತಮಿಳು ಭಕ್ತಿಚಿತ್ರ 'ಅನ್ನೈ ವೇಲಾಂಕಣ್ಣಿ' ಬಗ್ಗೆ ಕನ್ನಡದಲ್ಲಿ ಒಬ್ಬರು ಕೂತು ಬರೆದಿದ್ದಾರೆ ಅಂದಾಗಲೇ ನನಗೆ ಕುತೂಹಲ. ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಹಾಕಲಿಕ್ಕೆ ಆಗುವುದಿಲ್ಲ. ಆದರೆ ಐದನೇ ಪುಟದ ಕೊನೆಯ ಆರು ಸಾಲು ನನ್ನನ್ನು ಬಿಡ್ತಾ ಇಲ್ಲ. ಇಷ್ಟುದ್ದದ ಪತ್ರಕ್ಕೆ ಅದೇ ಕಾರಣ.

ಮೊದಲು ಬೈಯುವುದನ್ನು ಮುಗಿಸಿಬಿಡ್ತೀನಿ.

ಒಂದೂವರೆ ಪುಟ ಭಾರತೀಯ ಚಿತ್ರರಂಗ ಹುಟ್ಟಿದ ಕಥೆ. ಅದು ಬೇಡ. ಓದುಗ ವೇಲಾಂಕಣ್ಣಿ ಬಸ್ಸು ಹತ್ತಿದ್ದಾನೆ, ನೀವು ಅವನನ್ನು ಮುಂಬೈ ಸುತ್ತಿಸಿ ಕರ್ಕೊಂಡು ಹೋಗ್ತಿದ್ದೀರಿ. ಆಮೇಲೆ 'ಪವಾಡ' ಅನ್ನುವ ಪದ. ಪೆನ್ಸಿಲ್ ಹಿಡಿದು ಎಣಿಸಿದೆ, ಮೂವತ್ನಾಲ್ಕು ಸಲ ಬಂದಿದೆ. 'ಅದ್ಭುತ' ಹನ್ನೊಂದು. ಹತ್ತನೇ ಸಲಕ್ಕೇ ನನಗೆ ಪವಾಡ ಅಂದ್ರೆ ಉಪ್ಪಿಲ್ಲದ ಸಾರಿನ ಹಾಗಾಗಿತ್ತು.

ಚಿತ್ರದಲ್ಲಿ ನಟಿಸಿದ ಜಯಲಲಿತಾ ಹುಟ್ಟಿದ್ದು ಮೇಲುಕೋಟೆಯಲ್ಲಿ ಅಂತ ನೆನಪಿಸಿದ್ದೀರಿ. ನಮ್ಮವರಿಗೆ ಖುಷಿಯಾಗುತ್ತೆ, ಇರಲಿ. ಅಲ್ಲಿಂದ ರಾಜಕೀಯಕ್ಕೆ ಜಿಗಿದು ಒಂದು ಪುಟ ಓಡಿಸಿದ್ದನ್ನು ತೆಗೆಯಿರಿ. ಜೆಮಿನಿ ಗಣೇಶನ್, ಪದ್ಮಿನಿ, ಕೆ. ಆರ್. ವಿಜಯಾ ಅಂತ ಹೆಸರುಗಳ ಸಾಲೇ ಬಂತು, ಒಂದು ಮುಖವೂ ಕಣ್ಣಿಗೆ ಕಟ್ಟಲಿಲ್ಲ. ನಿರ್ದೇಶಕ ಕೆ. ತಂಗಪ್ಪನ್ ಮೂಲದಲ್ಲಿ ನೃತ್ಯದ ಮಾಸ್ತರು. ಕಮಲ್ ಹಾಸನ್ ಎಳೆ ವಯಸ್ಸಿನಲ್ಲಿ ಇವರ ಕೈಕೆಳಗೇ ಸಹಾಯಕರಾಗಿದ್ದರು. ಡ್ಯಾನ್ಸ್ ಮಾಸ್ತರೊಬ್ಬರು ಭಕ್ತಿಚಿತ್ರ ತೆಗೆದರೆ ಜನರ ಗುಂಪು ಹೇಗೆ ನಿಲ್ಲುತ್ತೆ, ಕೈಗಳು ಯಾವ ತಾಳಕ್ಕೆ ಮೇಲೇಳುತ್ತವೆ? ಚಿತ್ರವನ್ನು ಮೂರು ಸಲ ನೋಡಿದ್ದೀನಿ ಅಂತೀರಿ, ಇದನ್ನು ನೀವೇ ಹೇಳಬೇಕಿತ್ತು ಅಲ್ವಾ?

ಸಂಗೀತ ಕೊಟ್ಟ ಜಿ. ದೇವರಾಜನ್ ಅವರನ್ನು 'ಮಾತೆಯ ಪರಮಭಕ್ತ' ಅಂತ ಬರೆದಿದ್ದೀರಿ. ಎಲ್ಲಿ ಸಿಕ್ಕಿತು ಇದು? ಕೇರಳದ ಎಡಪಂಥೀಯ ನಾಟಕ ತಂಡ ಕೆಪಿಎಸಿಯ ಹಾಡುಗಳಿಂದ ಹೆಸರು ಮಾಡಿದವರು ಅವರು. ಶಬರಿಮಲೆಯಲ್ಲಿ ರಾತ್ರಿ ಗುಡಿಯ ಬಾಗಿಲು ಮುಚ್ಚುವಾಗ ಯೇಸುದಾಸ್ ದನಿಯಲ್ಲಿ ಹರಿವರಾಸನಂ ಕೇಳುತ್ತಲ್ಲ, ಅದಕ್ಕೆ ಧಾಟಿ ಹಾಕಿದವರೂ ಅವರೇ. ಕೆಂಬಾವುಟ, ಅಯ್ಯಪ್ಪ, ವೇಲಾಂಕಣ್ಣಿ ಮಾತೆ, ಮೂವರಿಗೂ ಒಂದೇ ಹಾರ್ಮೋನಿಯಂ. ಇಂಥ ಸಂಗತಿ ಎದುರಿಗೆ ಬಿದ್ದಿರುವಾಗ 'ಪರಮಭಕ್ತ' ಅಂತ ಬರೆದು ಕೈ ತೊಳೆದುಕೊಂಡರೆ ಹೇಗೆ?

ತಾರೀಖುಗಳಲ್ಲೂ ಎಡವಿದ್ದೀರಿ. ಹಾಲು ಮಾರುವ ಹುಡುಗನಿಗೆ ಮಾತೆ ಕಂಡ ಇಸವಿ, ತಿಂಗಳು, ದಿನ ಎಲ್ಲ ಕೊಟ್ಟಿದ್ದೀರಿ. ಅದು 16ನೇ ಶತಮಾನದ ನಡುಭಾಗದಲ್ಲಿ ನಡೆಯಿತು ಅನ್ನುವುದು ಬಾಯಿಂದ ಬಾಯಿಗೆ ಬಂದ ನಂಬಿಕೆ, ಅಷ್ಟೇ ಹೇಳಿ. ಗುಡಿಗೆ ಬೆಸಿಲಿಕಾ, ಅಂದರೆ ವಿಶೇಷ ಮಾನ್ಯತೆಯ ಚರ್ಚು, ಅನ್ನುವ ಪದವಿ ಕೊಟ್ಟವರು ಪೋರ್ಚುಗೀಸರಲ್ಲ. ಅದು ಸಿಕ್ಕಿದ್ದು 1962ರಲ್ಲಿ, ಪೋಪ್ 23ನೇ ಜಾನ್ ಕಾಲದಲ್ಲಿ. ಚಂಡಮಾರುತಕ್ಕೆ ಸಿಕ್ಕಿ ದಡ ಸೇರಿದ ಪೋರ್ಚುಗೀಸ್ ನಾವಿಕರ ಕಥೆಯಲ್ಲಿ ಸೆಪ್ಟೆಂಬರ್ 8 ಯಾಕೆ ಬರುತ್ತೆ ಅಂತಲೂ ನೀವು ಹೇಳಿಲ್ಲ. ಅದು ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ. ಮಂಗಳೂರಿನವರಿಗೆ ಹೊಸ ತೆನೆಯ ಮೊಂತಿ ಫೆಸ್ತ್, ಬೆಂಗಳೂರಿನವರಿಗೆ ಶಿವಾಜಿನಗರದ ತೇರು. ಒಂದು ಸಾಲು ಬರೆದಿದ್ದರೆ ಕನ್ನಡದ ಓದುಗ ತಾನಾಗಿ ಒಳಗೆ ಬರ್ತಿದ್ದ.

ಇನ್ನೊಂದು ಮಾತು, ಇದು ಸ್ವಲ್ಪ ಸೂಕ್ಷ್ಮ. 'ಮಾತೆ ವರ ಕೊಟ್ಟಳು' ಅಂತ ಉದ್ದಕ್ಕೂ ಬರೆದಿದ್ದೀರಿ. ಕ್ಯಾಥೋಲಿಕರ ಮಾತಿನಲ್ಲಿ ಕೊಡುವವನು ದೇವರು. ತಾಯಿ ನಮ್ಮ ಪರವಾಗಿ ಮಗನ ಹತ್ತಿರ ಕೇಳಿಕೊಳ್ಳುವವಳು. ತಮಿಳು ಪ್ರಾರ್ಥನೆಯಲ್ಲಿ ಮಾತೆಯ ಒಂದೊಂದು ಬಿರುದು ಹೇಳಿದಾಗಲೂ ಜನ 'ಎಂಗಳುಕ್ಕಾಗ ವೇಂಡಿಕ್ಕೊಳ್ಳುಂ' ಅಂತ ದನಿಗೂಡಿಸುತ್ತಾರೆ. ನಮಗೋಸ್ಕರ ಬೇಡಿಕೊಳ್ಳಿ ಅಂತ. ಬೇಡಿಕೊಂಡಿದ್ದು ಸಿಕ್ಕೇ ಸಿಗುತ್ತೆ ಅಂತ ಆ ಮಾತಿನಲ್ಲಿ ಎಲ್ಲೂ ಇಲ್ಲ. ಇದನ್ನು ತಲೆಯಲ್ಲಿ ಇಟ್ಕೊಳ್ಳಿ, ಆಮೇಲೆ ಇಲ್ಲಿಗೇ ವಾಪಸ್ ಬರ್ತೀನಿ.

ಈಗ ಹಾಲಿನ ಹುಡುಗನ ವಿಷಯ. ನಿಮ್ಮ ಲೇಖನದಲ್ಲಿ ಅವನಿಗೆ ಸಿಕ್ಕಿರುವುದು ಒಂದೇ ವಾಕ್ಯ: 'ಬಾಲಕನಿಗೆ ಮಾತೆ ದರ್ಶನ ನೀಡಿ ಹಾಲಿನ ಪವಾಡ ಮಾಡಿದಳು.' ನಾಗಪಟ್ಟಣದ ಕಡೆ ಹೋಗಿ ಯಾರಾದರೂ ಅಜ್ಜಿಯನ್ನು ಕೇಳಿ, ಅವರು ಹೇಗೆ ಹೇಳ್ತಾರೆ ನೋಡಿ. ಹುಡುಗ ಯಜಮಾನನ ಮನೆಗೆ ಹಾಲು ಒಯ್ಯುತ್ತಿದ್ದ. ಬಿಸಿಲು. ಕೊಳದ ಪಕ್ಕ ಆಲದ ಮರದ ಕೆಳಗೆ ಕೂತ. ಕೂಸನ್ನು ಎತ್ತಿಕೊಂಡ ಒಬ್ಬ ಹೆಂಗಸು ಬಂದು ಮಗುವಿಗೆ ಒಂದಿಷ್ಟು ಹಾಲು ಕೊಡಪ್ಪ ಅಂದಳು. ಕೊಟ್ಟ. ಈಗ ಹಾಲು ಕಮ್ಮಿಯಾಯಿತು, ಹೊತ್ತೂ ಮೀರಿತು. ಯಜಮಾನನ ಮನೆ ಬಾಗಿಲಲ್ಲಿ ನಿಂತು, ತಪ್ಪಾಯ್ತು, ಹಾಲು ಕಮ್ಮಿ ಇದೆ ಅಂತ ಹೇಳ್ತಾನೆ. ಮುಚ್ಚಳ ತೆಗೆದರೆ ಗಡಿಗೆ ತುಂಬಿ ಉಕ್ಕುತ್ತಿದೆ.

ಈ ಕಥೆಯ ಜೀವ ಉಕ್ಕಿದ ಹಾಲಿನಲ್ಲಿಲ್ಲ. ಹಾಲು ಕಮ್ಮಿಯಾಗಿದೆ ಅಂತ ಗೊತ್ತಿದ್ದೂ ನಡೆದನಲ್ಲ, ಆ ದಾರಿಯಲ್ಲಿದೆ. ಏಟು ಬೀಳುತ್ತೋ, ಕೂಲಿ ಹೋಗುತ್ತೋ, ಅವನಿಗೆ ಗೊತ್ತಿಲ್ಲ. ಗಡಿಗೆ ಎಷ್ಟು ಖಾಲಿಯಾಗಿತ್ತು ಅಂತ ಮೊದಲು ತೋರಿಸದಿದ್ದರೆ ಉಕ್ಕಿದ್ದು ನೋಡಿ ನಾನ್ಯಾಕೆ ಬೆರಗಾಗಲಿ? ಮಜ್ಜಿಗೆ ಮಾರುವ ಕುಂಟ ಹುಡುಗನದೂ ಹಾಗೇ. ನಾಗಪಟ್ಟಣಕ್ಕೆ ಹೋಗಿ ಸುದ್ದಿ ಮುಟ್ಟಿಸು ಅಂತ ಮಾತೆ ಅಂದಾಗ ಅವನು ತಾನು ಕುಂಟ ಅನ್ನುವುದನ್ನೇ ಮರೆತು ಓಡುತ್ತಾನೆ. ನೀವು 'ಅವನ ಕಾಲು ವಾಸಿಯಾಯಿತು' ಅಂತ ಬರೆದಿದ್ದೀರಿ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯ ಭಾಷೆ ಅದು.

ನಾಲ್ಕನೇ ಪುಟದ ಒಂದು ವಾಕ್ಯ ನನಗೆ ನಿಜಕ್ಕೂ ಕಸಿವಿಸಿ ಮಾಡಿತು. 'ಸುನಾಮಿಯ ಅಲೆಗಳೂ ಮಾತೆಯ ಗುಡಿಗೆ ತಲೆಬಾಗಿ ಹಿಂದೆ ಸರಿದವು.' 2004ರ ಡಿಸೆಂಬರ್ 26, ಕ್ರಿಸ್‌ಮಸ್ ಮಾರನೇ ದಿನ, ಭಾನುವಾರ ಬೆಳಿಗ್ಗೆ. ಅದೇ ಕಡಲ ದಂಡೆಯಲ್ಲಿ ನೂರಾರು ಜನ ಹೋದರು. ಹರಕೆ ತೀರಿಸಲು ದೂರದೂರಿಂದ ಬಂದವರೂ ಅವರಲ್ಲಿದ್ದರು. ಗುಡಿ ಉಳಿಯಿತು ಅಂತ ಬರೀರಿ, ಬೇಡ ಅನ್ನಲ್ಲ. ಅದರ ಮುಂದಿನ ವಾಕ್ಯವನ್ನೂ ಬರೀರಿ. ಅಲ್ಲಿ ಮಗುವನ್ನು ಕಳಕೊಂಡ ತಾಯಿ ನಿಮ್ಮ ಲೇಖನ ಓದ್ತಿದ್ದಾಳೆ ಅಂದುಕೊಂಡು ಬರೀರಿ.

ನಂಬುವುದೋ ಬಿಡುವುದೋ ಅನ್ನುವ ನಿಮ್ಮ ಎರಡು ಪ್ಯಾರಾ ಚರ್ಚೆಯೂ ಬೇಡ. ಅದರಲ್ಲಿ ನೀವು ವಕೀಲರ ಥರ ಎರಡೂ ಕಡೆ ವಾದಿಸಿ ತೀರ್ಪು ಕೊಡದೆ ಎದ್ದುಹೋಗಿದ್ದೀರಿ. ನಾನು ಒಮ್ಮೆ ವೇಲಾಂಕಣ್ಣಿಗೆ ಹೋಗಿದ್ದೆ. ಬೆಸಿಲಿಕಾದಿಂದ ಮಾತೆಯ ಕೊಳದ ಕಡೆಗೆ ಮರಳು ಹಾಸಿದ ದಾರಿಯಿದೆ, ಹರಕೆ ಹೊತ್ತವರು ಮಂಡಿಯಲ್ಲೇ ಹೋಗ್ತಾರೆ. ಕೇಸರಿ ಸೀರೆಯ ಹೆಂಗಸೊಬ್ಬರು ಹೋಗ್ತಿದ್ದರು. ಪಕ್ಕದಲ್ಲಿ ಮೀಸೆ ಮೂಡುತ್ತಿದ್ದ ಮಗ, ಒಂದು ಕೈಯಲ್ಲಿ ಅಮ್ಮನ ಚಪ್ಪಲಿ, ಇನ್ನೊಂದರಲ್ಲಿ ನೀರಿನ ಬಾಟಲಿ. ಅವನಿಗೆ ನಾಚಿಕೆ ಆಗ್ತಿತ್ತು, ಆದರೂ ಅಮ್ಮನಿಗಿಂತ ಒಂದು ಹೆಜ್ಜೆಯೂ ಮುಂದೆ ಹೋಗ್ತಿರಲಿಲ್ಲ. ಅವನು ನಂಬುತ್ತಾನೋ ಇಲ್ಲವೋ ಅಂತ ಕೇಳಬೇಕು ಅಂತಲೇ ನನಗೆ ಅನ್ನಿಸಲಿಲ್ಲ.

ಇನ್ನು ಐದನೇ ಪುಟ. 'ವೈಯಕ್ತಿಕ ವಿಷಯ, ಕ್ಷಮೆಯಿರಲಿ' ಅಂತ ಶುರುಮಾಡಿ ಆರೇ ಸಾಲಲ್ಲಿ ಮುಗಿಸಿದ್ದೀರಿ. ಕೆಜಿಎಫ್‌ನಲ್ಲಿ ತಾತ ಗಣಿ ಕೆಲಸಕ್ಕೆ ಇಳಿಯುತ್ತಿದ್ದರು. ಮನೆಯಲ್ಲಿ ಮುರುಗನ ಪಟದ ಪಕ್ಕ ವೇಲಾಂಕಣ್ಣಿ ಮಾತೆಯ ಪಟ. ಈ ಸಿನಿಮಾ ಊರಿಗೆ ಬಂದಾಗ ಅಜ್ಜಿ ಟಾಕೀಸಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋದರು. ತಾತನ ಕೆಮ್ಮು ಜಾಸ್ತಿಯಾದಾಗ ವೇಲಾಂಕಣ್ಣಿಗೆ ಹರಕೆ ಹೊತ್ತರು. ಅಲ್ಲಿನ ಅಂಗಡಿಯಲ್ಲಿ ಕಣ್ಣು, ಕೈ, ಕಾಲು, ತೊಟ್ಟಿಲು, ಮನೆ, ಎಲ್ಲದರ ಆಕಾರದ ಹರಕೆಯ ತಗಡೂ ಇತ್ತು, ಶ್ವಾಸಕೋಶದ್ದು ಇರಲಿಲ್ಲ. ಅಂಗಡಿಯವನಿಗೆ ಎದೆ ಮುಟ್ಟಿ ತೋರಿಸಿದರೂ ಅರ್ಥವಾಗಲಿಲ್ಲ. ಕೊನೆಗೆ ಇಡೀ ಮನುಷ್ಯನ ಆಕಾರದ ತಗಡು ಕೊಂಡು ಒಪ್ಪಿಸಿ ಬಂದರು. ಮರುವರ್ಷ ತಾತ ತೀರಿಕೊಂಡರು. ಅಜ್ಜಿ ಆಮೇಲೂ ಪ್ರತಿ ಸೆಪ್ಟೆಂಬರ್ ಹೋಗುತ್ತಿದ್ದರು.

ಇದನ್ನು ಬರೆದು, 'ಆದರೆ ಇದು ಚಿತ್ರಕ್ಕೆ ಸಂಬಂಧಿಸಿದ್ದಲ್ಲ' ಅಂತ ಸೇರಿಸಿದ್ದೀರಿ. ಸ್ವಾಮಿ, ಇದೇ ಚಿತ್ರಕ್ಕೆ ಸಂಬಂಧಿಸಿದ್ದು! ಪರದೆಯ ಮೇಲೆ ಕೇಳಿದವರಿಗೆ ಸಿಕ್ಕಿತು. ಬರಿಗಾಲಲ್ಲಿ ಕೂತು ನೋಡಿದ ನಿಮ್ಮ ಅಜ್ಜಿಗೆ ಸಿಗಲಿಲ್ಲ. ಅವರ ಗಡಿಗೆ ಉಕ್ಕಲಿಲ್ಲ, ಆದರೂ ಹಾಲು ಹೊತ್ತು ನಡೆಯುವುದನ್ನು ಬಿಡಲಿಲ್ಲ. ಬೇಡಿಕೊಳ್ಳಿ ಅನ್ನುವ ಆ ತಮಿಳು ಮಾತು ಅವರಿಗೆ ನನಗಿಂತ ನಿಮಗಿಂತ ಚೆನ್ನಾಗಿ ಗೊತ್ತಿತ್ತು ಅನ್ಸುತ್ತೆ. ಯಾಕೆ ಹೋಗುತ್ತಿದ್ದರು ಅಂತ ನೀವು ವಿವರಿಸಲು ಹೋಗಬೇಡಿ. ಹೇಗೆ ಹೋಗುತ್ತಿದ್ದರು ಅಂತ ಹೇಳಿ. ಯಾವ ರೈಲು, ಚೀಲದಲ್ಲಿ ಏನೇನು, ಜೊತೆಗೆ ಯಾರು, ಬರುವಾಗ ಮನೆಗೆ ಏನು ತರುತ್ತಿದ್ದರು.

ಒಂಬೈನೂರು ಪದ ಸಾಕು. ಟಾಕೀಸಿನ ಬಾಗಿಲಿಂದಲೇ ಶುರುವಾಗಲಿ. ದೇವರಾಜನ್ ಅವರ ಮೂರು ದೇವರ ಹಾರ್ಮೋನಿಯಂ ಒಂದು ಪ್ಯಾರಾ ಬರಲಿ, ಹಾಲಿನ ಹುಡುಗ ಪೂರ್ತಿ ಬರಲಿ, ಜೆಮಿನಿ ಗಣೇಶನ್ ಒಂದು ಸಾಲು. 'ಪವಾಡ' ಎರಡು ಸಲಕ್ಕಿಂತ ಹೆಚ್ಚಿಗೆ ಬಂದರೆ ನಾನೇ ಹೊಡೆದುಹಾಕ್ತೀನಿ. ಶೀರ್ಷಿಕೆ ಬದಲಾಯಿಸಿ, 'ಕರುಣಾಮಯಿ' ಎಲ್ಲ ಕ್ಯಾಸೆಟ್ಟಿನ ಮೇಲಿರಲಿ.

ಕಳಿಸುವ ಮುಂಚೆ ನಿಮ್ಮ ಅಮ್ಮನನ್ನು ಎರಡು ವಿಷಯ ಕೇಳಿ. ಆ ತಗಡಿಗೆ ಅಜ್ಜಿ ಎಷ್ಟು ಕೊಟ್ಟರು, ದುಡ್ಡು ಎಲ್ಲಿಂದ ತಂದಿದ್ದರು. ಮತ್ತೆ, ಸಿನಿಮಾ ಬಿಟ್ಟ ಮೇಲೆ ಆ ಚಪ್ಪಲಿ ಅಲ್ಲೇ ಇತ್ತಾ?

ಇಂತಿ,
ಸಂಪಾದಕ