ನಾಲಾ ಬದುವಿಗೆ ಜಮೀನು ಹೋಗುತ್ತಾ?

ಹೊಸದುರ್ಗ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಜಲಾನಯನ ಯೋಜನೆಯವರು ನಮ್ಮ ಹೊಲದ ಪಕ್ಕದ ಹಳ್ಳಕ್ಕೆ ನಾಲಾ ಬದು (ನೀರು ತಡೆಯಲು ಅಡ್ಡಲಾಗಿ ಹಾಕೋ ಒಡ್ಡು) ಹಾಕ್ತಾರಂತೆ. ಹತ್ತು ಗುಂಟೆಯಲ್ಲಿ ನೀರು ನಿಲ್ಲುತ್ತೆ ಅಂತಾರೆ. ಜಮೀನು ಸರ್ಕಾರದ್ದಾಗುತ್ತಾ? ಪರಿಹಾರಕ್ಕೆ ಅನುದಾನ ಇದೆಯಾ?’

ನೇರವಾಗಿ ಹೇಳ್ತೀನಿ. ಜಮೀನು ಹೋಗಲ್ಲ, ದುಡ್ಡೂ ಬರಲ್ಲ. ಪಹಣಿಯಲ್ಲಿ ನಿಮ್ಮ ಹೆಸರೇ ಇರುತ್ತದೆ. ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಜಲಾನಯನ ಭಾಗಕ್ಕೆ 2021-26ರ ಹಂತದಲ್ಲಿ ಬಯಲುಸೀಮೆಯಲ್ಲಿ ಹೆಕ್ಟೇರಿಗೆ 22,000 ರೂಪಾಯಿವರೆಗೆ ನಿಗದಿ ಮಾಡಿದ್ದಾರೆ, ಗುಡ್ಡಗಾಡಿಗೆ 28,000. ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದು. ಬಯಲುಸೀಮೆಯ ಲೆಕ್ಕ ಎಕರೆಗೆ ಒಂಬತ್ತು ಸಾವಿರವೂ ಮುಟ್ಟಲ್ಲ, ಬದು, ಚೆಕ್ ಡ್ಯಾಂ, ಸಸಿ, ತರಬೇತಿ, ಕಚೇರಿ ಖರ್ಚು ಎಲ್ಲಾ ಅದರಲ್ಲೇ ಮುಗಿಯಬೇಕು. ಜಮೀನು ಕೊಳ್ಳೋ ಮಾತೆಲ್ಲಿ?

ಹೊಲದ ಬದುವಿಗೆ ಪರಿಹಾರ ಇಲ್ಲದಿರೋದು ಸರಿಯೇ. ಒಂದೆರಡು ಸಾಲು ರಾಗಿ ಹೋದರೂ ಮಣ್ಣು, ತೇವ ನಿಮ್ಮಲ್ಲೇ ಉಳಿಯುತ್ತದೆ. ನಾಲಾ ಬದುವಿನ ಕಥೆ ಬೇರೆ. ಹಳ್ಳ ಸರ್ಕಾರಿ ಖರಾಬು (ಸಾಗುವಳಿಗೆ ಬಾರದ ಸರ್ಕಾರಿ ಜಾಗ) ಇರಬಹುದು, ಆದರೆ ಮಳೆ ಬಂದಾಗ ನೀರು ಹಿಂದಕ್ಕೆ ಏರಿ ನಿಲ್ಲೋದು ನಿಮ್ಮ ಪಟ್ಟಾ ಜಮೀನಿನಲ್ಲಿ, ಬೋರ್‌ವೆಲ್ ತುಂಬೋದು ಕೆಳಗಿನವರದ್ದು. ಈ ನಷ್ಟಕ್ಕೆ ಲೆಕ್ಕವೇ ಇಲ್ಲ ಅನ್ನೋದು ನನ್ನ ತಕರಾರು.

ನ್ಯೂಯಾರ್ಕ್ ನಗರ ಏನು ಮಾಡಿತು ನೋಡಿ. ದುಬಾರಿ ಶುದ್ಧೀಕರಣ ಘಟಕ ಕಟ್ಟೋದನ್ನು ತಪ್ಪಿಸಲು, 1997ರ ಒಪ್ಪಂದದಂತೆ ತನಗೆ ಕುಡಿಯೋ ನೀರು ಬರೋ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಮಾರಲು ಒಪ್ಪಿದವರಿಂದ ಮಾತ್ರ ಮಾರುಕಟ್ಟೆ ಬೆಲೆಗೆ ಜಮೀನು ಕೊಂಡಿತು, ಆ ಜಮೀನಿನ ತೆರಿಗೆಯನ್ನೂ ಅಲ್ಲಿನ ಊರುಗಳಿಗೆ ಕಟ್ಟುತ್ತದೆ. ನೀರು ಕುಡಿಯೋ ಕೆಳಗಿನವರು ಮೇಲಿನವರಿಗೆ ದುಡ್ಡು ಕೊಟ್ಟರು, ಅಷ್ಟೇ. ಎರಡು ಎಕರೆಯವರೇ ಜಾಸ್ತಿ ಇರೋ ನಮ್ಮಲ್ಲಿ ಜಮೀನು ಕೊಳ್ಳೋದು ಬೇಡ. ಮುಳುಗಿದ ಗುಂಟೆಗೆ ವರ್ಷದ ಬೆಳೆ ನಷ್ಟವನ್ನಾದರೂ ಕೊಡಬಹುದು, ಅಲ್ವಾ?

ಅಲ್ಲಿಯವರೆಗೆ ನೀವು ಸುಮ್ನೆ ಕೂರಬೇಡಿ. ಡಿಪಿಆರ್ (ಯೋಜನೆಯ ವಿವರವಾದ ವರದಿ) ಅಂತಿಮ ಆಗೋ ಮೊದಲೇ ಗ್ರಾಮಸಭೆಯಲ್ಲಿ ಎದ್ದು ಕೇಳಿ, ನೀರು ಎಲ್ಲಿವರೆಗೆ ನಿಲ್ಲುತ್ತೆ ಅಂತ ಎಂಜಿನಿಯರ್ ಹತ್ತಿರ ಹೊಲದಲ್ಲೇ ಗೂಟ ಹೊಡೆಸಿ ನೋಡಿ. ಸಮತಟ್ಟಾದ ಹೊಲದಲ್ಲಿ ಕೋಡಿಯನ್ನು (ಹೆಚ್ಚಾದ ನೀರು ಹರಿದುಹೋಗೋ ಜಾಗ) ಒಂದಡಿ ಇಳಿಸಿದರೆ ಎಷ್ಟೋ ಗುಂಟೆ ಉಳಿಯುತ್ತದೆ. ಹೂಳು ತೆಗೆದಾಗ ಮೊದಲು ನಿಮ್ಮ ಹೊಲಕ್ಕೇ ಹೊಡೆಯಬೇಕು ಅಂತ ಊರಿನ ಜಲಾನಯನ ಸಮಿತಿ ನಡಾವಳಿಯಲ್ಲಿ ಬರೆಸಿ. ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದರೆ ಪೂರ್ತಿ ಓದಿ. ಅದರಲ್ಲಿ ‘ದಾನ’ ಅಂತ ಎಲ್ಲಾದರೂ ಇದ್ದರೆ ಪೆನ್ನು ಕೆಳಗಿಡಿ, ಒಬ್ಬ ವಕೀಲರಿಗೆ ತೋರಿಸಿ.